ನೂಲು ಮತ್ತು ನೇಯ್ಗೆ

ಹಿರಿಯೂರಿನಿಂದ ಚಳ್ಳಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಒಮ್ಮೆ ಸೋನೆಮಳೆಗೆ ಸಿಕ್ಕಿಕೊಂಡೆ. ಬಸ್ಸು ಬರುವ ಲಕ್ಷಣವಿರಲಿಲ್ಲ. ತಂಗುದಾಣದ ಎದುರಿನ ಬೀಳುಹೊಲದಲ್ಲಿ ಒಂದು ಕುರಿಮಂದೆ ನಿಂತಿತ್ತು. ಮಂದೆಯ ಬದಿಗೆ ಕಂಬಳಿ ಕೊಪ್ಪೆ ಹಾಕಿಕೊಂಡ ಕುರಿಗಾಹಿ. ಅವನ ತಲೆಯ ಮೇಲೆ ಹಾದುಹೋಗಿದ್ದ ಕರೆಂಟು ತಂತಿಯಲ್ಲಿ ಒಂದು ಕಾಗೆ. ಮೂವರ ಮೇಲೂ ಸುರಿಯುತ್ತಿದ್ದುದು ಒಂದೇ ಮಳೆ.

ಕುರಿಗಳು ಏನೂ ಮಾಡುತ್ತಿರಲಿಲ್ಲ. ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಸುಮ್ಮನೆ ನಿಂತಿದ್ದವು. ಕುರಿಗಾಹಿಯೂ ಕೋಲಿಗೆ ಗದ್ದ ಊರಿ ನಿಂತಿದ್ದ. ಬಿಡುವಿಲ್ಲದಿದ್ದುದು ಕಾಗೆಗೆ ಮಾತ್ರ. ಮೈ ಉಬ್ಬಿಸಿ ಒಮ್ಮೆ ಒದರುವುದು, ಕತ್ತನ್ನು ಹಿಂದಕ್ಕೆ ತಿರುಗಿಸಿ ಬಾಲದ ಬುಡವನ್ನು ಕೊಕ್ಕಿನಿಂದ ಉಜ್ಜುವುದು, ಆಮೇಲೆ ರೆಕ್ಕೆಯ ಒಂದೊಂದೇ ಗರಿಯನ್ನು ಬುಡದಲ್ಲಿ ಹಿಡಿದು ತುದಿಯವರೆಗೆ ಕೊಕ್ಕಿನ ನಡುವೆ ಎಳೆಯುವುದು. ಒಂದು ಮುಗಿದರೆ ಇನ್ನೊಂದು. ನಾನು ನೋಡುತ್ತಿದ್ದ ಅರ್ಧ ಗಂಟೆಯಲ್ಲಿ ಆ ಕೆಲಸ ನಿಂತದ್ದೇ ಇಲ್ಲ.

ಮಳೆ ತುಸು ಕಡಿಮೆಯಾದಾಗ ನಾನು ಹೊಲಕ್ಕಿಳಿದೆ. ಕುರಿಗಳು ನೆನೆದು ತೊಪ್ಪೆಯಾಗಿವೆಯಲ್ಲ, ಚಳಿಯಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಕುರಿಗಾಹಿ, "ಕೈ ಹಾಕಿ ನೋಡು ಸಾಮಿ, ಬುಡದಾಗ ಬೆಚ್ಚಗೈತೆ" ಅಂದ. ಬೆರಳು ತೂರಿಸಿದೆ. ಮೇಲಿನ ಉಣ್ಣೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅರ್ಧ ಬೆರಳು ಒಳಗೆ ಹೋಗುವಷ್ಟರಲ್ಲಿ ತೇವ ಮುಗಿದು ಜಿಡ್ಡು ಜಿಡ್ಡಾದ, ಬಿಸುಪಾದ ಒಂದು ಪದರ ಸಿಕ್ಕಿತು. ಕೈ ಹೊರತೆಗೆದ ಮೇಲೂ ಬೆರಳ ತುದಿಯಲ್ಲಿ ಆ ಜಿಡ್ಡು ಉಳಿದಿತ್ತು.

ಆ ದಿನದಿಂದ ನನ್ನ ಮನಸ್ಸಿನಲ್ಲಿ ಪ್ರಾಣಿಯ ಕೂದಲು, ಹಕ್ಕಿಯ ಗರಿ ಎರಡೂ ನೇಕಾರಿಕೆಯ ಮಾತಿನಲ್ಲೇ ಕೂತುಬಿಟ್ಟಿವೆ. ಕುರಿಯ ಬೆನ್ನ ಮೇಲಿರುವುದು ನೂಲು. ಆ ನೂಲನ್ನು ಕತ್ತರಿಸಿ, ಎಕ್ಕಿ, ಹೊಸೆದು, ಹಾಸು ಹೊಕ್ಕು ಹಾಕಿದರೆ ಕುರಿಗಾಹಿಯ ಹೆಗಲ ಮೇಲಿನ ಕಂಬಳಿಯಾಗುತ್ತದೆ. ಕಾಗೆಗೆ ಆ ಕಷ್ಟವಿಲ್ಲ. ಅದರ ಚರ್ಮದಿಂದ ಹೊರಬರುವುದೇ ನೇಯ್ದ ಬಟ್ಟೆ. ಆದರೆ ನೇಯ್ದ ಬಟ್ಟೆಗೆ ನೂಲಿಗಿಲ್ಲದ ಆರೈಕೆ ಬೇಕು, ನೂಲಿಗಿಲ್ಲದ ಕೊನೆಯೂ ಇದೆ. ಸಸ್ತನಿಗೂ ಹಕ್ಕಿಗೂ ಇರುವ ಹಲವು ವ್ಯತ್ಯಾಸಗಳು ಈ ಒಂದು ವ್ಯತ್ಯಾಸದಿಂದ ಕವಲೊಡೆದವು ಎಂದು ನನ್ನ ಎಣಿಕೆ.

*

ಮೊದಲು ನೂಲು. ನಿಮ್ಮ ತಲೆಯಿಂದ ಉದ್ದನೆಯ ಒಂದು ಕೂದಲನ್ನು ಕಿತ್ತು ಹೆಬ್ಬೆರಳು ತೋರುಬೆರಳುಗಳ ನಡುವೆ ಸಡಿಲವಾಗಿ ಹಿಡಿಯಿರಿ. ಬೆರಳುಗಳನ್ನು ಕೂದಲಿನ ಉದ್ದಕ್ಕೂ ಹಿಂದೆ ಮುಂದೆ ಉಜ್ಜಿರಿ. ಕೂದಲು ತಾನಾಗಿ ಒಂದೇ ದಿಕ್ಕಿಗೆ ಜರುಗತೊಡಗುತ್ತದೆ. ತಿರುಗಿಸಿ ಹಿಡಿದು ಉಜ್ಜಿದರೆ ಎದುರು ದಿಕ್ಕಿಗೆ ಹೊರಡುತ್ತದೆ. ಯಾವಾಗಲೂ ಬುಡ ಮುಂದು, ತುದಿ ಹಿಂದು. ಕಾರಣ ಕೂದಲಿನ ಹೊರಮೈ. ಬರಿಗಣ್ಣಿಗೆ ನುಣ್ಣಗೆ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅದು ನಾಡಹೆಂಚು ಹೊದೆಸಿದ ಮಾಡಿನಂತಿದೆ. ಚಪ್ಪಟೆಯಾದ ಸತ್ತ ಕೋಶಗಳು ಒಂದರ ಮೇಲೊಂದು ಏರಿ ಕೂತಿವೆ, ಎಲ್ಲದರ ಅಂಚೂ ಕೂದಲಿನ ತುದಿಯ ಕಡೆಗೆ. ಬುಡದ ಕಡೆಗೆ ಜಾರುವುದು ಸುಲಭ, ತುದಿಯ ಕಡೆಗೆ ಜಾರಲು ಅಂಚುಗಳು ತಡೆಯುತ್ತವೆ.

ಜಡೆಗಟ್ಟುವುದು ಹೀಗೆಯೇ. ಒತ್ತಿ, ಒದ್ದೆ ಮಾಡಿ, ತಿಕ್ಕಿದಾಗ ಪ್ರತಿ ಎಳೆಯೂ ತನ್ನ ಬುಡದ ದಿಕ್ಕಿಗೆ ತೆವಳುತ್ತ ಪಕ್ಕದ ಎಳೆಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಂದಕ್ಕೆ ಬರಲಾರದು. ಉಣ್ಣೆಯ ಬಟ್ಟೆಯನ್ನು ಬಿಸಿನೀರಲ್ಲಿ ಕುಕ್ಕಿ ಒಗೆದು ಹಾಳುಮಾಡಿಕೊಂಡವರಿಗೆ ಇದರ ಅನುಭವವಿದೆ. ದಖನಿ ಕುರಿಯ ಉಣ್ಣೆ ಒರಟು, ಬಹುಮಟ್ಟಿಗೆ ಕಪ್ಪು. ಅದರಿಂದ ಕಂಬಳಿ ನೇಯುವವರು ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಸವರಿ ಬಿಸಿಲಲ್ಲಿ ಒಣಗಿಸುತ್ತಾರೆ. ಎಳೆಗಳು ಬಿಗಿಯಾಗಿ, ತಡೆಯುವ ಶಕ್ತಿ ಬರುತ್ತದೆ. ಹಾಗೆ ನೇಯ್ದ ಕಂಬಳಿಯ ಮೇಲೆ ಸೋನೆಮಳೆಯ ಹನಿ ಕೂತು ಉರುಳುತ್ತದೆ. ಉಣ್ಣೆಗೆ ಇನ್ನೊಂದು ಗುಣವೂ ಇದೆ. ತನ್ನ ತೂಕದ ಸುಮಾರು 30 ಪ್ರತಿಶತ ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ತೇವ ಎಳೆದುಕೊಳ್ಳುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಕೊಪ್ಪೆಯೊಳಗಿನ ಕುರಿಗಾಹಿಯ ನೆಮ್ಮದಿಗೆ ಇದೂ ಒಂದು ಕಾರಣ.

ಈ ನೂಲಿನ ದ್ರವ್ಯ ಕೆರಾಟಿನ್ ಎಂಬ ಪ್ರೋಟೀನು. ಉಗುರು, ಗೊರಸು, ಕೊಂಬಿನ ಹೊರಕವಚ ಎಲ್ಲ ಅದೇ. ಮುಳ್ಳುಹಂದಿಯ ಮುಳ್ಳು ದಪ್ಪಗಾದ ಕೂದಲೇ. ಚಿಪ್ಪುಹಂದಿಯ ಚಿಪ್ಪೂ ಕೆರಾಟಿನ್ನೇ. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಉಣ್ಣೆ ಗಿರಣಿಗಳ ಊರಿನಲ್ಲಿ, ವಿಲಿಯಂ ಆಸ್ಟ್‌ಬರಿ ಉಣ್ಣೆಯ ಎಳೆಗಳ ಮೂಲಕ ಕ್ಷಕಿರಣ ಹಾಯಿಸಿ ನೋಡಿದರು. ಒದ್ದೆ ಎಳೆಯನ್ನು ಎಳೆದು ಹಿಗ್ಗಿಸಿದಾಗ ಚಿತ್ರವೇ ಬದಲಾಯಿತು. ಒಳಗೆ ಏನೋ ಸುರುಳಿ ಬಿಚ್ಚಿಕೊಳ್ಳುತ್ತಿದೆ ಎಂಬ ಸುಳಿವು ಅದು. ಆ ಸುರುಳಿಯ ನಿಖರ ರೂಪವನ್ನು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಹೇಳಿದರು. ತಲೆ ತೊಳೆದಾಗ ಒದ್ದೆ ಕೂದಲು ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವುದು ಆ ಸುರುಳಿಯಿಂದ. ಹಕ್ಕಿಗಳ ಚರ್ಮದಲ್ಲಿಯೂ ಈ ಸುರುಳಿ ಕೆರಾಟಿನ್ ಉಂಟು. ಆದರೆ ಗರಿಯ ಮುಖ್ಯ ದ್ರವ್ಯ ಬೇರೆಯೇ: ಹಾಳೆಯಂತೆ ಮಡಿಕೆ ಮಡಿಕೆಯಾಗಿ ಹೆಣೆದುಕೊಂಡ, ಹಿಗ್ಗದ, ಗಡುಸಾದ ಇನ್ನೊಂದು ಬಗೆಯ ಪ್ರೋಟೀನು. ಹಲ್ಲಿ, ಮೊಸಳೆ, ಆಮೆಗಳ ಹುರುಪೆಯಲ್ಲಿ ಅದು ಸಿಗುತ್ತದೆ, ಸಸ್ತನಿಗಳಲ್ಲಿ ಎಲ್ಲಿಯೂ ಸಿಗುವುದಿಲ್ಲ. ಕೋಳಿಯ ಕಾಲಿನ ಹುರುಪೆ ನೋಡಿದವರಿಗೆ ಆ ನಂಟು ಹೊಸದಾಗಿ ಹೇಳಬೇಕಿಲ್ಲ.

*

ಇನ್ನು ನೇಯ್ಗೆ. ಕನ್ನಡದಲ್ಲಿ ಹಕ್ಕಿಗೂ ಗರಿ, ತೆಂಗಿಗೂ ಗರಿ. ಈ ಮಾತು ಮಾಡಿದವರು ಚೆನ್ನಾಗಿ ನೋಡಿದ್ದರು. ನಡುವೆ ಒಂದು ದಿಂಡು, ಎರಡು ಬದಿಗೂ ಸಾಲಾಗಿ ಎಳೆಗಳು. ತೆಂಗಿನ ಗರಿಯಲ್ಲಿ ಕತೆ ಅಲ್ಲಿಗೆ ಮುಗಿಯಿತು. ಗಾಳಿ ಬಂದರೆ ಎಳೆಗಳು ಬೇರೆ ಬೇರೆಯಾಗಿ ಪಟಪಟಿಸುತ್ತವೆ. ಅದನ್ನು ಚಪ್ಪರಕ್ಕೆ ಹೊದೆಸಬೇಕಾದರೆ ನಾವು ಕೂತು ಹೆಣೆಯಬೇಕು. ಹಕ್ಕಿಯ ಗರಿಯಲ್ಲಿ ಹೆಣಿಗೆ ಮೊದಲೇ ಆಗಿರುತ್ತದೆ.

ಅಂಗಳದಲ್ಲಿ ಬಿದ್ದ ಪಾರಿವಾಳದ ಒಂದು ರೆಕ್ಕೆಗರಿ ಸಿಕ್ಕರೆ ಎಳೆಗಳ ನಡುವೆ ಉಗುರು ಹಾಕಿ ಸೀಳಿ. ಕಚ್ಚಿಕೊಂಡದ್ದು ಬಿಡುವಂಥ ಸಣ್ಣ ತಡೆ ಬೆರಳಿಗೆ ತಿಳಿಯುತ್ತದೆ. ಸೀಳು ಎದ್ದು ಕಾಣುತ್ತದೆ. ಈಗ ಅದನ್ನು ಬುಡದಿಂದ ತುದಿಗೆ ಎರಡು ಬೆರಳ ನಡುವೆ ನಯವಾಗಿ ಎರಡು ಮೂರು ಸಲ ಎಳೆಯಿರಿ. ಸೀಳು ಮಾಯ, ಎಲ್ಲಿತ್ತೆಂದು ಹುಡುಕಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಎಳೆಗೂ ಎರಡು ಬದಿಯಲ್ಲಿ ಮರಿ ಎಳೆಗಳು ಕಾಣುತ್ತವೆ. ಒಂದು ಬದಿಯ ಮರಿ ಎಳೆಗಳಲ್ಲಿ ಕೊಕ್ಕೆಗಳು, ಎದುರು ಬದಿಯವುಗಳಲ್ಲಿ ಆ ಕೊಕ್ಕೆ ಕೂರಲು ಮಡಿಸಿದ ಅಂಚು. ಕೊಕ್ಕೆಗಳನ್ನು ಕಾಣಲು ಸೂಕ್ಷ್ಮದರ್ಶಕವೇ ಬೇಕು. ಪಾರಿವಾಳದ ಒಂದೇ ರೆಕ್ಕೆಗರಿಯಲ್ಲಿ ಮರಿ ಎಳೆಗಳು ಲಕ್ಷಗಟ್ಟಲೆ. 1665ರಲ್ಲಿ ರಾಬರ್ಟ್ ಹುಕ್ ತನ್ನ 'ಮೈಕ್ರೋಗ್ರಾಫಿಯಾ' ಪುಸ್ತಕದಲ್ಲಿ ಈ ಕೊಕ್ಕೆಗಳನ್ನು ಬಣ್ಣಿಸಿದ.

ಕೊಕ್ಕೆ ಇಲ್ಲದ ಗರಿ ಹೇಗಿರುತ್ತದೆ ಎಂಬುದಕ್ಕೆ ಸಿಲ್ಕಿ ಕೋಳಿ ಕಣ್ಣೆದುರಿನ ಉದಾಹರಣೆ. ಅದರ ಮರಿ ಎಳೆಗಳು ಒಂದನ್ನೊಂದು ಹಿಡಿಯಲಾರವು. ಹಾಗಾಗಿ ಮೈಯೆಲ್ಲ ಬೆಕ್ಕಿನ ತುಪ್ಪಳದಂತೆ ಹರಡಿಕೊಂಡಿರುತ್ತದೆ. ಬೆಕ್ಕಿನಂತೆ ಕೂದಲಿರುವ ಕೋಳಿಗಳು ಚೀನಾದಲ್ಲಿವೆ ಎಂದು ಮಾರ್ಕೊ ಪೋಲೊನ ಪ್ರವಾಸಕಥನದಲ್ಲಿ ಬರುವುದು ಇಂಥ ಕೋಳಿಯೇ ಇರಬೇಕು. ಸಿಲ್ಕಿ ಕೋಳಿ ಹಾರಲಾರದು, ಮಳೆಗೆ ನಿಂತರೆ ತೊಯ್ದು ಮುದ್ದೆಯಾಗುತ್ತದೆ. ಕಣ್ಣಿಗೆ ಕಾಣದ ಒಂದು ಕೊಕ್ಕೆ ತಪ್ಪಿದ್ದಕ್ಕೆ ಬಟ್ಟೆ ಮತ್ತೆ ನೂಲಾಯಿತು.

ತಂತಿಯ ಮೇಲಿನ ಕಾಗೆ ಮಾಡುತ್ತಿದ್ದುದು ಈ ಕೊಕ್ಕೆಗಳನ್ನು ಮತ್ತೆ ಕೂರಿಸುವ ಕೆಲಸ. ಬಾಲದ ಬುಡದಲ್ಲಿ ಒಂದು ಎಣ್ಣೆಗ್ರಂಥಿ ಇದೆ, ಅದರ ಎಣ್ಣೆಯನ್ನು ಕಾಗೆ ಕೊಕ್ಕಿಗೆ ಹಚ್ಚಿಕೊಂಡು ಗರಿಗೆ ಸವರುತ್ತದೆ. ಎಣ್ಣೆಯಿಂದ ಗರಿ ಒಣಗಿ ಮುರಿಯದೆ ಉಳಿಯುತ್ತದೆ. ಆದರೆ ನೀರನ್ನು ತಡೆಯುವುದು ಮುಖ್ಯವಾಗಿ ನೇಯ್ಗೆಯೇ. ಎಳೆಗಳು ಸಾಲು ತಪ್ಪದೆ ಕೂತಿದ್ದರೆ ಸಂದಿಗಳಲ್ಲಿ ಗಾಳಿ ನಿಲ್ಲುತ್ತದೆ, ಹನಿ ಆ ಗಾಳಿಯ ಮೇಲೆ ಕೂತು ಜಾರುತ್ತದೆ.

ಇಷ್ಟೊಂದು ಬಟ್ಟೆ ಹೊರುವುದು ಹಗುರದ ಮಾತಲ್ಲ. ಅಮೆರಿಕದ ಬೋಳುತಲೆ ಹದ್ದೊಂದರ ಗರಿಗಳನ್ನು ಎಣಿಸಿ ತೂಗಿದಾಗ ಸಿಕ್ಕಿದ್ದು 7,000ಕ್ಕೂ ಹೆಚ್ಚು ಗರಿ; ತೂಕ ಅದರ ಮೂಳೆಗಳ ಒಟ್ಟು ತೂಕದ ಎರಡು ಪಟ್ಟಿಗೂ ಮೀರಿದ್ದು. ಗರಿಯನ್ನು ಹಗುರಕ್ಕೆ ಹೋಲಿಸುವ ನಮಗೆ ಇದು ತಟ್ಟನೆ ನಂಬಲಾಗದ ಲೆಕ್ಕ. ಹಕ್ಕಿಯ ಮೂಳೆ ಅಷ್ಟು ಹಗುರ, ಗರಿಗಳು ಅಷ್ಟು.

*

ನೂಲಿಗೂ ನೇಯ್ಗೆಗೂ ಇರುವ ನಿಜವಾದ ಅಂತರ ಅವು ಹುಟ್ಟುವ ಬಗೆಯಲ್ಲಿದೆ. ಕೂದಲು ರೋಮಕೂಪದ ತಳದಿಂದ ಶಾವಿಗೆ ಒತ್ತಿದಂತೆ ಮೇಲಕ್ಕೆ ಬರುತ್ತದೆ. ತಳದಲ್ಲಿ ಕೋಶಗಳು ಹುಟ್ಟುತ್ತ, ಮೇಲಿನವನ್ನು ತಳ್ಳುತ್ತ, ಕೆರಾಟಿನ್ ತುಂಬಿಕೊಂಡು ಸಾಯುತ್ತ ಹೋಗುತ್ತವೆ. ಶಾವಿಗೆ ಎಲ್ಲಿ ತುಂಡರಿಸಿದರೂ ಶಾವಿಗೆಯೇ. ನಮ್ಮ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಒಂದು ಎಳೆ 2ರಿಂದ 6 ವರ್ಷ ಹೀಗೆ ಬೆಳೆದು, ಕೆಲ ತಿಂಗಳು ಸುಮ್ಮನಿದ್ದು ಉದುರುತ್ತದೆ. ಹುಬ್ಬಿನ ಕೂದಲಿನ ಬೆಳವಣಿಗೆಯ ಅವಧಿ ಕೆಲವೇ ತಿಂಗಳು, ಅದಕ್ಕೇ ಅದು ಗಿಡ್ಡ. ಅಂದರೆ ಕೂದಲಿನ ಉದ್ದವನ್ನು ನಿರ್ಧರಿಸುವುದು ಕಾಲ. ನೂಲುವ ರಾಟೆ ಎಷ್ಟು ಹೊತ್ತು ತಿರುಗಿತು ಎಂಬುದೇ ಲೆಕ್ಕ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ, ದಿನಕ್ಕೆ 50ರಿಂದ 100 ಉದುರುವುದು ಸಹಜ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡು ಗಾಬರಿಯಾಗುವವರಿಗೆ ಈ ಲೆಕ್ಕ ನೆನಪಿರಲಿ.

ಗರಿಯ ಹುಟ್ಟು ಹೀಗಲ್ಲ. ಚರ್ಮದ ಗುಳಿಯಲ್ಲಿ ಬಳೆಯಾಕಾರದ ಒಂದು ಅಂಗಾಂಶವಿದೆ. ಅದರಿಂದ ಮೇಲೇಳುವುದು ಎಳೆಯಲ್ಲ, ಕೊಳವೆ. ಕೊಳವೆಯ ಗೋಡೆಯೊಳಗೆ ಉದ್ದುದ್ದಕ್ಕೆ ಏಣುಗಳು ಮೂಡಿ, ಓರೆಯಾಗಿ ಸುತ್ತುತ್ತ ಒಂದು ಬದಿಯಲ್ಲಿ ಕೂಡಿಕೊಳ್ಳುತ್ತವೆ. ಕೂಡಿದ ಕಡೆ ದಿಂಡು, ಏಣುಗಳೇ ಎಳೆಗಳು. ಇದೆಲ್ಲ ಒಂದು ತೆಳು ಒರೆಯೊಳಗೆ ಸುರುಳಿ ಸುತ್ತಿಕೊಂಡು ನಡೆಯುವ ಕೆಲಸ. ಬಾಳೆಯ ಸುಳಿ ನೆನೆಸಿಕೊಳ್ಳಿ. ಒಳಗೆ ಎಲೆ ಪೂರ್ತಿಯಾಗಿ ತಯಾರಾಗಿ ಸುತ್ತಿಕೊಂಡಿದೆ, ಬಿಚ್ಚುವುದೊಂದೇ ಬಾಕಿ. ಒರೆ ಕಳಚಿದಾಗ ಗರಿ ಅಗಲವಾಗುತ್ತದೆ. ಬೆಳೆಯುವಷ್ಟು ದಿನ ಕೊಳವೆಯ ನಡುವೆ ರಕ್ತನಾಳಗಳು ತುಂಬಿರುತ್ತವೆ, ಆಗ ಗರಿ ಮುರಿದರೆ ರಕ್ತ ಬರುತ್ತದೆ. ಬೆಳವಣಿಗೆ ಮುಗಿದ ಮೇಲೆ ಅವು ಹಂತ ಹಂತವಾಗಿ ಕೆಳಗಿಳಿದು ಬತ್ತುತ್ತವೆ. ಹಳೆಯ ಗರಿಯೊಂದರ ಬುಡದ ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಒಂದರ ಕೆಳಗೊಂದು ಒಣಗಿದ ತೆಳು ಪೊರೆಯ ಟೋಪಿಗಳು ಸಿಗುತ್ತವೆ. ಜೀವ ಎಲ್ಲೆಲ್ಲಿ ನಿಂತು ನಿಂತು ಇಳಿಯಿತು ಎಂಬುದರ ಗುರುತುಗಳು ಅವು.

ಹಾಗಾಗಿ ಕೂದಲು ಬೆಳೆಯುತ್ತಲೇ ಇರುವಂಥದ್ದು, ಗರಿ ಮುಗಿದುಹೋದದ್ದು. ಗಿಣಿಶಾಸ್ತ್ರ ಹೇಳುವವರ ಪಂಜರದಿಂದ ಗಿಣಿ ಹೊರಗೆ ನಡೆದು ಬಂದು ಕಾರ್ಡು ಎತ್ತಿ ಮತ್ತೆ ಒಳಗೆ ಹೋಗುತ್ತದೆ. ಬಾಗಿಲು ತೆರೆದೇ ಇದ್ದರೂ ಹಾರುವುದಿಲ್ಲ. ಚಿಕ್ಕಂದಿನಲ್ಲಿ ಅದನ್ನು ಗಿಣಿಯ ನಿಷ್ಠೆ ಎಂದು ನಂಬಿದ್ದೆ. ಹತ್ತಿರ ಕೂತು ರೆಕ್ಕೆ ನೋಡಿದ ದಿನ ತಿಳಿಯಿತು: ಹಾರಲು ಬೇಕಾದ ಗರಿಗಳನ್ನೆಲ್ಲ ಅರ್ಧಕ್ಕೆ ಕತ್ತರಿಸಲಾಗಿತ್ತು. ನಮ್ಮ ಕೂದಲಾಗಿದ್ದರೆ ಮರುದಿನದಿಂದಲೇ ಬೆಳೆಯುತ್ತಿತ್ತು. ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಆ ಮೋಟು ತಾನಾಗಿ ಉದುರಿ ಹೊಸದು ಬರುವವರೆಗೆ ಗಿಣಿ ನೆಲದ ಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ನಾಡಿನ ಗಿಣಿಗಳನ್ನು ಹಿಡಿಯುವುದು, ಸಾಕುವುದು ಅಪರಾಧ. ಕಾನೂನಿನ ಮಾತು ಹಾಗಿರಲಿ, ಆ ಮೋಟು ಗರಿಗಳ ಸಾಲನ್ನು ಒಮ್ಮೆ ಕಂಡವರಿಗೆ ಆ ಆಟ ಮತ್ತೆ ನೋಡುವ ಮನಸ್ಸಾಗುವುದಿಲ್ಲ.

ಮುಗಿದ ಬಟ್ಟೆ ಸವೆಯುತ್ತದೆ, ಬಿಸಿಲಿಗೆ ಮಾಸುತ್ತದೆ. ಹೊಲಿಯುವಂತಿಲ್ಲ, ಇಡೀ ಗರಿಯನ್ನೇ ಬದಲಿಸಬೇಕು. ಹೆಚ್ಚಿನ ಹಕ್ಕಿಗಳು ವರ್ಷಕ್ಕೊಮ್ಮೆಯಾದರೂ ಗರಿ ಬದಲಿಸುತ್ತವೆ, ಅದರಲ್ಲೂ ಲೆಕ್ಕಾಚಾರವಿದೆ. ಎಡರೆಕ್ಕೆಯ ಒಂದು ಗರಿ ಬಿದ್ದರೆ ಬಲರೆಕ್ಕೆಯ ಅದೇ ಸ್ಥಾನದ ಗರಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೀಳುತ್ತದೆ, ತಕ್ಕಡಿ ವಾಲಬಾರದಲ್ಲ. ಬಾತುಗಳು ಮಾತ್ರ ರೆಕ್ಕೆಗರಿಗಳನ್ನೆಲ್ಲ ಒಟ್ಟಿಗೆ ಕಳೆದುಕೊಂಡು ಕೆಲವು ವಾರ ಹಾರಲಾಗದೆ ಜೊಂಡಿನಲ್ಲಿ ಅಡಗಿರುತ್ತವೆ. ಗಂಡು ನವಿಲು ಮಳೆಗಾಲದ ಕುಣಿತ ಮುಗಿಸಿ ತನ್ನ ಉದ್ದನೆಯ ಗರಿಗಳನ್ನು ಉದುರಿಸುತ್ತದೆ. ಬಾಲ ಎಂದು ನಾವು ಕರೆಯುವ ಅದು ನಿಜಕ್ಕೂ ಬಾಲವಲ್ಲ, ಬಾಲದ ಮೇಲೆ ಹೊದೆದ ಬೆನ್ನಗರಿಗಳ ಗೊಂಚಲು. ನಿಜವಾದ ಬಾಲ ಕಂದು ಬಣ್ಣದ ಗಿಡ್ಡ ಬೀಸಣಿಗೆ, ಹಿಂದೆ ನಿಂತು ಆ ಗೊಂಚಲನ್ನು ಎತ್ತಿ ಹಿಡಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಮರಿ ಹಾಕೀತೆಂದು ಇಟ್ಟುಕೊಂಡ ನವಿಲುಗರಿ ನಮ್ಮ ಕೈಗೆ ಬರುವ ಎಷ್ಟೋ ತಿಂಗಳ ಹಿಂದೆಯೇ, ನವಿಲಿನ ಮೈಮೇಲೆಯೇ, ಜೀವ ಕಳಚಿಕೊಂಡಿತ್ತು.

*

ಬಣ್ಣದ ಮಾತಿಗೆ ಬಂದರೆ ಸಸ್ತನಿಗಳು ಬಡವರು. ಕುರಿ, ಹುಲಿ, ಕರಡಿ, ಜಿಂಕೆ, ಮನುಷ್ಯ, ಯಾರ ಕೂದಲಿಗೂ ಇರುವುದು ಮೆಲನಿನ್ ಎಂಬ ಒಂದೇ ಬಣ್ಣದ ಎರಡು ಬಗೆ: ಕಪ್ಪು ಕಂದಿನದು ಒಂದು, ಕೆಂಚು ಹಳದಿಯದು ಇನ್ನೊಂದು. ಎರಡೂ ಇಲ್ಲದಿದ್ದರೆ ಬಿಳಿ. ಈ ಡಬ್ಬಿಯಿಂದ ಚಿರತೆಯ ಚುಕ್ಕೆಯನ್ನೂ ಹುಲಿಯ ಪಟ್ಟೆಯನ್ನೂ ಬರೆಯಬಹುದು, ಹಸಿರು ನೀಲಿ ಬರೆಯಲಾಗದು. ದಕ್ಷಿಣ ಅಮೆರಿಕದ ಸ್ಲಾತ್ ಹಸಿರಾಗಿ ಕಂಡರೆ ಅದು ಅದರ ಕೂದಲಿನಲ್ಲಿ ಬೆಳೆದ ಪಾಚಿ.

ಹಕ್ಕಿಗಳಲ್ಲಿ ಮೆಲನಿನ್ ಇದೆ, ಆಹಾರದಿಂದ ಬರುವ ಕೆಂಪು ಹಳದಿ ಇದೆ, ಎಲ್ಲಕ್ಕಿಂತ ಮಿಗಿಲಾಗಿ ನೇಯ್ಗೆಯಿಂದಲೇ ಹುಟ್ಟುವ ಬಣ್ಣವಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠವನ್ನೇ ನೋಡಿ. ತಂತಿಯ ಮೇಲೆ ಕೂತಾಗ ಮಣ್ಣುಬಣ್ಣದ ಸಾಮಾನ್ಯ ಹಕ್ಕಿ, ಹೆಸರಿನಲ್ಲಿ ಮಾತ್ರ ನೀಲಿ ಕಂಠ. ಹೊಲದ ಮೇಲೆ ಹಾರಿ ರೆಕ್ಕೆ ಬಿಚ್ಚಿತೆಂದರೆ ಕಣ್ಣು ಕೋರೈಸುವ ಎರಡು ನೀಲಿಗಳು ಒಮ್ಮೆಗೇ ತೆರೆದುಕೊಳ್ಳುತ್ತವೆ. ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು, 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಅವರು ಬರೆದದ್ದು ಹಕ್ಕಿಗರಿಗಳ ಬಣ್ಣದ ಮೂಲದ ಬಗ್ಗೆ, ಅವರು ಕೈಗೆತ್ತಿಕೊಂಡ ಹಕ್ಕಿ ಈ ನೀಲಕಂಠ. ನೊಬೆಲ್ ಪಡೆದು ನಾಲ್ಕೇ ವರ್ಷವಾಗಿದ್ದ ವಿಜ್ಞಾನಿ ಹೊಲದ ಹಕ್ಕಿಯ ಒಂದು ಗರಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ಕೂತಿರುವುದನ್ನು ಊಹಿಸಿಕೊಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನೀಲಿ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಅದನ್ನು ಅರೆದರೆ ಸಿಗುವುದು ಕಂದು ಪುಡಿ. ಕಿಟಕಿಗೆ ಎದುರಾಗಿ ಹಿಡಿದು ಬೆಳಕು ಹಿಂದಿನಿಂದ ಹಾಯುವಂತೆ ನೋಡಿದರೂ ಕಂದೇ. ಗರಿಯ ಎಳೆಯೊಳಗೆ ಗಟ್ಟಿ ಪ್ರೋಟೀನೂ ಗಾಳಿಯ ಗುಳ್ಳೆಗಳೂ ಸ್ಪಂಜಿನಂತೆ ಕೂಡಿವೆ. ಗುಳ್ಳೆಗಳ ನಡುವಿನ ಅಂತರ ನೀಲಿ ಬೆಳಕಿನ ಅಲೆಗೆ ಹೊಂದುವಷ್ಟಿದೆ. ಚದುರಿದ ಬೆಳಕಿನಲ್ಲಿ ನೀಲಿ ಒಂದಕ್ಕೊಂದು ಕೂಡಿ ಬಲವಾಗಿ ಹೊರಗೆ ಬರುತ್ತದೆ, ಉಳಿದದ್ದನ್ನು ಅಡಿಯಲ್ಲಿರುವ ಮೆಲನಿನ್ ನುಂಗುತ್ತದೆ. ನವಿಲಿನ ಕಣ್ಣಿನಲ್ಲಿ ಏರ್ಪಾಡು ಇನ್ನೂ ಶಿಸ್ತಿನದು: ಮರಿ ಎಳೆಯ ಹೊರಪದರದಡಿ ಮೆಲನಿನ್ ಕಡ್ಡಿಗಳು ಸಾಲು ಸಾಲಾಗಿ ಜೋಡಣೆಗೊಂಡಿವೆ, ಸಾಲುಗಳ ಅಂತರ ಕೊಂಚ ಬದಲಾದರೆ ನೀಲಿ ಹಸಿರಾಗುತ್ತದೆ, ಹಸಿರು ಕಂಚಾಗುತ್ತದೆ. ನವಿಲುಗರಿಯ ಬಣ್ಣ ನೀರು ತಾಗಿದಾಗ ಮರೆಯಾಗುವುದನ್ನು ಹುಕ್ 1665ರಲ್ಲೇ ಗಮನಿಸಿದ್ದ.

ಸಸ್ತನಿಗಳಿಗೆ ಈ ಭಾಗ್ಯ ಏಕಿಲ್ಲ? ಡೈನೊಸಾರ್‌ಗಳ ಕಾಲದಲ್ಲಿ ನಮ್ಮ ಪೂರ್ವಜರು ಬಹುಮಟ್ಟಿಗೆ ಇರುಳಿನ ಜೀವಿಗಳಾಗಿದ್ದರು ಎಂಬುದು ಬಹಳ ವಿಜ್ಞಾನಿಗಳು ಒಪ್ಪುವ ಉತ್ತರ. ಕತ್ತಲಲ್ಲಿ ಬಣ್ಣ ತೋರಿಸುವವರೂ ಇಲ್ಲ, ನೋಡುವವರೂ ಇಲ್ಲ. ಹಕ್ಕಿಯ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ನಾಲ್ಕು ಬಗೆ, ಹೆಚ್ಚಿನ ಸಸ್ತನಿಗಳಲ್ಲಿ ಎರಡೇ. ಬಂಡೀಪುರದಲ್ಲಿ ಹುಲಿಯ ಕೇಸರಿ ಬಣ್ಣ ನಮಗೆ ಅಷ್ಟು ಎದ್ದು ಕಾಣುವಾಗ ಎದುರಿನ ಜಿಂಕೆಗೆ ಅದು ಹುಲ್ಲಿನ ಹಸಿರಿನಿಂದ ಬೇರೆಯಾಗಿ ಕಾಣುವುದಿಲ್ಲ.

*

ಇಷ್ಟು ಬೇರೆಯಾದ ಎರಡು ಹೊದಿಕೆಗಳು ಒಂದೇ ಮೊಳಕೆಯಿಂದ ಹೊರಡುತ್ತವೆ ಎಂಬುದು ಈ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ ಸಂಗತಿ. ಅದರ ಎಳೆ ಹಿಡಿಯಲು ಸಿಂಧ್ ಪ್ರಾಂತಕ್ಕೆ ಹೋಗಬೇಕು. 19ನೇ ಶತಮಾನದಲ್ಲಿ ಅಲ್ಲಿನ ಒಂದು ಹಿಂದೂ ಕುಟುಂಬದ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಬಾಯಲ್ಲಿ ಕೆಲವೇ ಹಲ್ಲು, ಮೈಮೇಲೆ ಬಹಳ ಕಡಿಮೆ ಕೂದಲು. ಬೇಸಿಗೆಯಲ್ಲಿ ಚರ್ಮ ಒಣಗಿ ಬಹಳ ಸಂಕಟ. ಚಾರ್ಲ್ಸ್ ಡಾರ್ವಿನ್ ಸಾಕುಪ್ರಾಣಿ, ಸಾಕುಗಿಡಗಳ ಮಾರ್ಪಾಡುಗಳ ಬಗೆಗಿನ ತನ್ನ ಪುಸ್ತಕದಲ್ಲಿ ಈ ಕುಟುಂಬವನ್ನು ಬಣ್ಣಿಸಿದ್ದಾನೆ. ಹಲ್ಲು, ಕೂದಲು, ಬೆವರು ಮೂರೂ ಒಟ್ಟಿಗೆ ಕೆಡುವುದೇಕೆ?

ಭ್ರೂಣದ ಚರ್ಮದಲ್ಲಿ ಅಲ್ಲಲ್ಲಿ ಸಣ್ಣ ದಪ್ಪನೆಯ ಬಿಲ್ಲೆಗಳು ಮೂಡುತ್ತವೆ. ಹಲ್ಲು, ಕೂದಲು, ಬೆವರುಗ್ರಂಥಿ ಎಲ್ಲವೂ ಇಂಥ ಬಿಲ್ಲೆಯಿಂದ ಶುರು. ಬಿಲ್ಲೆ ಮೂಡಲು ಬೇಕಾದ ಸಂದೇಶಗಳಲ್ಲಿ ಒಂದನ್ನು ಹೊತ್ತಿರುವುದು ಇಡಿಎ ಎಂಬ ಜೀನ್. ಸಿಂಧ್ ಕುಟುಂಬದ ಲಕ್ಷಣಗಳೆಲ್ಲ ಆ ಜೀನ್ ಕೆಟ್ಟಾಗ ಬರುವ ಕಾಯಿಲೆಯವು. ಗರಿಯೂ ಇಂಥದೇ ಬಿಲ್ಲೆಯಿಂದ ಹುಟ್ಟುತ್ತದೆ. ಆದರೆ ಹಲ್ಲಿ, ಹಾವುಗಳ ಹುರುಪೆಯಲ್ಲಿ ಬಿಲ್ಲೆ ಸಿಕ್ಕಿರಲಿಲ್ಲ. ಆದ್ದರಿಂದ ಕೂದಲು, ಗರಿ ಬೇರೆ ಬೇರೆಯಾಗಿ ಹುಟ್ಟಿರಬೇಕೆಂಬ ವಾದ ಬಹಳ ಕಾಲ ನಡೆಯಿತು. 2016ರಲ್ಲಿ ಜಿನೀವಾದ ಸಂಶೋಧಕರು ಮೊಸಳೆ, ಹಾವು, ಹಲ್ಲಿಗಳ ಭ್ರೂಣದಲ್ಲಿ ಸರಿಯಾದ ದಿನಕ್ಕೆ ನೋಡಿ ಅದೇ ಬಿಲ್ಲೆಯನ್ನು ಕಂಡರು. ಹುಟ್ಟಾ ಹುರುಪೆಯೇ ಇಲ್ಲದ ಒಂದು ಜಾತಿಯ ಸಾಕು ಓತಿಕ್ಯಾತದಲ್ಲಿ ಕೆಟ್ಟಿದ್ದ ಜೀನ್ ಯಾವುದೆಂದು ಹುಡುಕಿದರೆ, ಅದೇ ಇಡಿಎ.

ನಮ್ಮ ವಂಶ ಮತ್ತು ಹಕ್ಕಿ ಹಲ್ಲಿಗಳ ವಂಶ ಕವಲೊಡೆದು 30 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಆ ಕವಲಿಗೂ ಹಿಂದಿನ ಅಜ್ಜಿಯೊಂದರ ಚರ್ಮದಲ್ಲಿ ಬಿಲ್ಲೆಯಿತ್ತು. ಅದರ ಮೇಲೆ ಒಂದು ವಂಶ ನೂಲು ತೆಗೆಯಿತು, ಇನ್ನೊಂದು ಮೊದಲು ಹುರುಪೆ, ಆಮೇಲೆ ಗರಿ. ಚೀನಾದ ಲಿಯಾವೊನಿಂಗ್‌ನಲ್ಲಿ 1996ರಲ್ಲಿ ಸಿಕ್ಕ ಸೈನೊಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೊಸಾರ್‌ನ ಬೆನ್ನ ಮೇಲೆ ನೇಯ್ಗೆಯಿಲ್ಲದ ಬರೀ ಎಳೆಗಳ ಸಾಲಿತ್ತು. ಗರಿಯ ಪೂರ್ವರೂಪವೂ ಒಂದು ಕಾಲಕ್ಕೆ ನೂಲಿನಂತೆಯೇ ಇದ್ದಿತು ಎಂದಾಯಿತು. 2010ರಲ್ಲಿ ಆ ಎಳೆಗಳೊಳಗಿನ ಮೆಲನಿನ್ ಕಣಗಳ ಆಕಾರ ನೋಡಿ ಅದರ ಬಾಲಕ್ಕೆ ಕೆಂಚು ಮತ್ತು ಬಿಳಿಯ ಪಟ್ಟೆಗಳಿದ್ದವೆಂದು ಹೇಳಿದರು. ಸಸ್ತನಿಗಳ ಕಡೆ, ಚೀನಾದಲ್ಲೇ ಸಿಕ್ಕಿ 2006ರಲ್ಲಿ ಹೆಸರು ಪಡೆದ ಕ್ಯಾಸ್ಟೊರೊಕಾಡ ಎಂಬ ನೀರುಪ್ರಾಣಿಯ ಸುತ್ತ ತುಪ್ಪಳದ ಅಚ್ಚು ಕಲ್ಲಿನಲ್ಲಿ ಉಳಿದಿತ್ತು. ಅದು 16 ಕೋಟಿ ವರ್ಷ ಹಿಂದಿನದು.

ಕೂದಲಿಗೂ ಗರಿಗೂ ಇರುವ ಇನ್ನೊಂದು ಸಾಮ್ಯ ನಮ್ಮ ಮೈಮೇಲೆಯೇ ಆಗಾಗ ಏಳುತ್ತದೆ. ಚಳಿಯಾದಾಗ, ಹೆದರಿದಾಗ, ಒಳ್ಳೆಯ ಆಲಾಪ ಕೇಳಿದಾಗ ಮೈ ನವಿರೇಳುತ್ತದೆ. ಪ್ರತಿ ಕೂದಲಿನ ಬುಡಕ್ಕೆ ಅಂಟಿದ ಸಣ್ಣ ಸ್ನಾಯು ಅದನ್ನು ಎತ್ತಿ ನಿಲ್ಲಿಸುತ್ತದೆ. ಹಕ್ಕಿಯ ಗರಿಗಳ ಬುಡದಲ್ಲೂ ಸ್ನಾಯುಗಳಿವೆ. ಬೆಳಗಿನ ಚಳಿಯಲ್ಲಿ ಗುಬ್ಬಿ ಚೆಂಡಿನಂತೆ ಉಬ್ಬುವುದು ಅವುಗಳಿಂದ. ಗುಬ್ಬಿಗೆ ಅದರಿಂದ ಗಾಳಿಯ ಪದರ ದಪ್ಪವಾಗಿ ಬೆಚ್ಚಗಾಗುತ್ತದೆ. ನಮಗೆ ಆ ಲಾಭ ಉಳಿದಿಲ್ಲ. ಮೈಮೇಲೆ ಸುಮಾರು 50 ಲಕ್ಷ ರೋಮಕೂಪಗಳಿದ್ದರೂ ಹೆಚ್ಚಿನವು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನಷ್ಟೇ ನೂಲುತ್ತವೆ.

ಸಸ್ತನಿಯ ಚರ್ಮದಲ್ಲಿ ಹಕ್ಕಿಗಿಲ್ಲದ ಇನ್ನೊಂದು ಸಂಪತ್ತಿದೆ: ಗ್ರಂಥಿಗಳು. ಕುರಿಯ ಉಣ್ಣೆಯಿಂದ ನನ್ನ ಬೆರಳಿಗೆ ಅಂಟಿದ ಜಿಡ್ಡು ರೋಮಕೂಪದ ಪಕ್ಕದ ಗ್ರಂಥಿಯದು. ಕಾಗೆಗೆ ಎಣ್ಣೆ ಬಾಲದ ಬುಡದಲ್ಲಿ ಒಂದೇ ಕಡೆ, ಕುರಿಗೆ ಪ್ರತಿ ಎಳೆಯ ಬುಡದಲ್ಲೂ. ಹಕ್ಕಿ ಬೆವರುವುದಿಲ್ಲ, ಸೆಕೆಗೆ ಬಾಯಿ ತೆರೆದು ಏದುತ್ತದೆ. ಹಾಲು ಕೂಡ ಈ ಚರ್ಮದ ಗ್ರಂಥಿಗಳಿಂದಲೇ ಬಂದದ್ದು. ಆಸ್ಟ್ರೇಲಿಯಾದ ಪ್ಲಾಟಿಪಸ್‌ಗೆ ಮೊಲೆತೊಟ್ಟಿಲ್ಲ. ಹೊಟ್ಟೆಯ ಚರ್ಮದಲ್ಲಿ ಕೂದಲಿನ ಬುಡಗಳಲ್ಲಿ ಹಾಲು ಒಸರುತ್ತದೆ, ಮರಿ ತುಪ್ಪಳವನ್ನು ಚೀಪುತ್ತದೆ. ಕಾಂಗರೂ ಬಳಗದ ಪ್ರಾಣಿಗಳ ಮರಿಯಲ್ಲಿ ಹಾಲಿನ ಗ್ರಂಥಿ ರೂಪುಗೊಳ್ಳುವಾಗ ಜೊತೆಗೆ ಒಂದು ಕೂದಲೂ ಮೊಳೆತು, ಆಮೇಲೆ ಉದುರಿಹೋಗುತ್ತದೆ. ತಾಯಿಯ ಹಾಲಿಗೂ ಕೂದಲಿಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇದೆಯೆಂದು ಮೊದಲು ಓದಿದ ದಿನ ಆ ಪುಟವನ್ನು ಎರಡು ಸಲ ಓದಿದ್ದೆ.

*

ಹಾರಲು ಹೊರಟ ಸಸ್ತನಿ ಒಂದೇ, ಬಾವಲಿ. ಅದಕ್ಕೆ ಕೂದಲು ಉಪಯೋಗಕ್ಕೆ ಬರಲಿಲ್ಲ. ಬಿಡಿ ನೂಲಿನಿಂದ ಗಾಳಿಯನ್ನು ತಳ್ಳಲಾಗದು. ಬೆರಳುಗಳನ್ನು ಉದ್ದ ಮಾಡಿಕೊಂಡು ನಡುವೆ ಚರ್ಮವನ್ನೇ ಹಿಗ್ಗಿಸಿ ಕೊಡೆಯಂತೆ ಬಿಚ್ಚಿತು. ಆ ಚರ್ಮ ಜೀವಂತ. ಸಣ್ಣ ತೂತು ಬಿದ್ದರೆ ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ, ಗರಿ ಉದುರಲು ಕಾಯಬೇಕಿಲ್ಲ. ಬೋಳಾಗಿ ಕಾಣುವ ಆ ರೆಕ್ಕೆಯ ಮೇಲೂ ಬರಿಗಣ್ಣಿಗೆ ಕಾಣದ ಸಣ್ಣ ಕೂದಲುಗಳಿವೆ. 2011ರಲ್ಲಿ ಅಮೆರಿಕದ ಸಂಶೋಧಕರು ಬಾವಲಿಗಳ ರೆಕ್ಕೆಯ ಮೇಲಿನ ಈ ಕೂದಲನ್ನು ಕೂದಲು ತೆಗೆಯುವ ಕ್ರೀಮು ಹಚ್ಚಿ ಅಳಿಸಿ ನೋಡಿದರು. ಬಾವಲಿಗಳು ಮೊದಲಿಗಿಂತ ವೇಗವಾಗಿ ಹಾರಿದವು, ತಿರುವುಗಳನ್ನು ಅಗಲವಾಗಿ ತೆಗೆದುಕೊಂಡವು. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತಿದೆ ಎಂಬ ಸುದ್ದಿಯನ್ನು ಆ ಕೂದಲುಗಳು ಕೊಡುತ್ತಿದ್ದವು. ಬೆಕ್ಕಿನ ಮೀಸೆ ಕತ್ತಲಲ್ಲಿ ಸಂದಿಯನ್ನು ಅಳೆಯುವಂತೆ.

ಹಕ್ಕಿಗೂ ಆ ಸುದ್ದಿ ಬೇಕು. ಗರಿ ಸತ್ತದ್ದು, ತಾನಾಗಿ ಏನನ್ನೂ ತಿಳಿಯಲಾರದು. ಆ ಕೆಲಸ ಮಾಡುವವು ಯಾವುವೆಂದು ನೋಡಲು ದೂರ ಹೋಗಬೇಕಿಲ್ಲ. ಹಳ್ಳಿಮನೆಯಲ್ಲಿ ನಾಟಿಕೋಳಿ ಕುಯ್ದಾಗ ಪುಕ್ಕವನ್ನೆಲ್ಲ ಕಿತ್ತ ಮೇಲೂ ಚರ್ಮದ ಮೇಲೆ ತೆಳ್ಳಗಿನ ಕೂದಲಿನಂಥವು ಉಳಿದಿರುತ್ತವೆ. ಅವು ಕೈಗೆ ಸಿಗುವುದಿಲ್ಲ. ಅದಕ್ಕೇ ಅರಿಶಿನ ಸವರಿ, ಒಣಹುಲ್ಲಿನ ಉರಿಯಲ್ಲಿ ತಿರುವಿ ತಿರುವಿ ಸುಡುವುದು. ನಮ್ಮಜ್ಜಿ ಅದನ್ನು ಕೋಳಿಕೂದಲು ಎನ್ನುತ್ತಿದ್ದಳು. ಪ್ರತಿ ದೊಡ್ಡ ಗರಿಯ ಬುಡದ ಪಕ್ಕದಲ್ಲೇ ಇವು ಒಂದೋ ಎರಡೋ ನಿಂತಿರುತ್ತವೆ, ಬುಡದಲ್ಲಿ ನರದ ತುದಿಗಳು ಸುತ್ತುವರಿದಿರುತ್ತವೆ. ದೊಡ್ಡ ಗರಿ ಗಾಳಿಗೆ ಅಲುಗಿದರೆ, ಸಾಲು ತಪ್ಪಿದರೆ ಪಕ್ಕದ ಈ ಎಳೆ ಬಾಗುತ್ತದೆ, ನರಕ್ಕೆ ಗೊತ್ತಾಗುತ್ತದೆ. ತಂತಿಯ ಮೇಲಿನ ಕಾಗೆಗೆ ಯಾವ ಗರಿ ಕೆದರಿದೆ ಎಂದು ತಿಳಿಯಲು ಇವೂ ನೆರವಾಗುತ್ತವೆ. ಸುಡುವ ಮೊದಲು ಅಂಥ ಒಂದು ಎಳೆಯನ್ನು ಚಿಮುಟದಿಂದ ಕಿತ್ತು ಭೂತಗನ್ನಡಿಯಡಿ ಇಟ್ಟು ನೋಡಿ. ಉದ್ದಕ್ಕೂ ಬರೀ ಕೂದಲು. ಕಟ್ಟಕಡೆಯ ತುದಿಯಲ್ಲಿ ಮಾತ್ರ ಸಣ್ಣದೊಂದು ಕುಚ್ಚು. ಅಲ್ಲಿ ಕೆಲವು ಎಳೆಗಳು ಕವಲೊಡೆದಿವೆ, ಆ ಎಳೆಗಳಿಗೂ ಮರಿ ಎಳೆಗಳಿವೆ.